ಹೋಗುತ್ತೆ, ಹೋಗಲ್ಲ
ನನಗೆ ಲೆಕ್ಕ ಕಲಿಸಲು ಹೋಗಿ ಸೋತ ಮೇಷ್ಟ್ರು ಈಗ ನಮ್ಮ ಪಕ್ಕದ ಮನೆಯಲ್ಲಿದ್ದಾರೆ. ದೊಡ್ಡ ಸಂಖ್ಯೆ ಕಣ್ಣಿಗೆ ಬಿದ್ದರೆ ಭಾಗಿಸದೆ ಬಿಡುವವರಲ್ಲ. "ಹದಿಮೂರರಲ್ಲಿ ಹೋಗುತ್ತೆ ಕಣೋ!" ಎಂದು ಬೀದಿಯಲ್ಲಿ ಕೂಗಿದರೆ ಹೊಸಬರು ಬಸ್ಸೆಂದುಕೊಂಡು ಓಡುತ್ತಾರೆ. ಯಾವುದರಲ್ಲೂ ಹೋಗದ ಅವಿಭಾಜ್ಯ ಸಂಖ್ಯೆ ಸಿಕ್ಕಿತೋ, ಅವತ್ತೆಲ್ಲ ಮುಖ ಹುಳ್ಳಗೆ. ಹೋದ ವಾರ ಅವರ ಹೆಂಡತಿಗೆ ಹೃದಯದ ಆಪರೇಷನ್ ಆಯಿತು. ಆಸ್ಪತ್ರೆಯ ಚೀಟಿಯ ಮೇಲಿದ್ದ ನಂಬರು ಹತ್ತು ಲಕ್ಷದ ಮೂರು. ಮೇಷ್ಟ್ರು ಹೊರಗಿನ ಬೆಂಚಿನ ಮೇಲೆ ಕೂತು, ಪೆನ್ಸಿಲಿನಲ್ಲಿ ಅದನ್ನು ಏಳರಿಂದ ಹಿಡಿದು ಒಂಬೈನೂರ ತೊಂಬತ್ತೇಳರವರೆಗೂ ಭಾಗಿಸಿದರು. ಅಷ್ಟರಲ್ಲಿ ಡಾಕ್ಟರು ಬಂದು ಅವರ ಕಿವಿಯಲ್ಲಿ ಏನೋ ಹೇಳಿದರು. ಮೇಷ್ಟ್ರು ಜೊತೆಗೆ ಬಂದಿದ್ದ ನನ್ನ ಕೈಹಿಡಿದು, "ಹೋಗಲ್ಲ ಕಣೋ, ಹೋಗಲ್ಲ!" ಎಂದರು. "ಯಾವುದರಲ್ಲೂ ಹೋಗಲ್ವಾ ಮೇಷ್ಟ್ರೇ?" ಎಂದೆ. ಅವರು ನಗುತ್ತಲೇ ಕಣ್ಣೊರೆಸಿಕೊಂಡರು: "ಸಂಖ್ಯೆಯಲ್ವೋ ಪೆದ್ದ, ನಮ್ಮನೆಯವಳು!"