ಹಳದಿಗೆ ನೇರಳೆ

ಚಪ್ಪಲಿ ಅಂಗಡಿಯ ಮೇಲಿನ ಒಂದೇ ಕೋಣೆಯ ಬ್ಯೂಟಿ ಪಾರ್ಲರು ಅದು. ಮದುವೆಗಳ ಕಾಲದಲ್ಲಿ ಬರುವವರು ಅಲಂಕಾರಕ್ಕೆ ಬರುತ್ತಾರೆ. ಮುಗಿದ ಮೇಲೆ ಬರುವವರು ರಿಪೇರಿಗೆ. ನಿದ್ದೆಗೆಟ್ಟು, ಕರಿದದ್ದು ಸಿಹಿಯಾದದ್ದು ಕಂಠಮಟ್ಟ ತಿಂದು, ಮೇಕಪ್ಪು ತೊಳೆಯದೆ ಮಲಗಿದ ಮುಖಗಳನ್ನು ಹೊತ್ತುಕೊಂಡು ಮೆಟ್ಟಿಲು ಹತ್ತುತ್ತಾರೆ. "ತಿಂದಿದ್ದು ಬಾಯಿ, ದಂಡ ಕಟ್ಟೋದು ಮುಖ" ಎನ್ನುತ್ತ ಹೊಳಪಿನಕ್ಕ ಅವರನ್ನು ಒರಗುಕುರ್ಚಿಯಲ್ಲಿ ಮಲಗಿಸುತ್ತಾಳೆ. ಆ ಹೆಸರು ಬೀದಿಯವರು ಇಟ್ಟದ್ದು. ಗಂಡ ತೀರಿಕೊಂಡ ಮೇಲೆ ಆ ಕುರ್ಚಿಯೇ ಅವಳ ಸಂಸಾರ. ನನ್ನವರು ಅಂತ ಉಳಿದವಳು ತಂಗಿಯೊಬ್ಬಳೇ.

ಈ ಸಲ ಆ ತಂಗಿಯೂ ಬಂದಳು. ಮಗಳ ಮದುವೆ ಮಾಡಿ, ಬೀಗರ ಕಡೆಯ ಔತಣಗಳನ್ನೆಲ್ಲ ಮುಗಿಸಿ.

"ಅಕ್ಕಾ, ನಮ್ಮನೆ ಕನ್ನಡೀಲಿ ಯಾರೋ ಮುದುಕಿ ಬಂದು ಕೂತಿದ್ದಾಳೆ ಕಣೇ. ಓಡಿಸು ಅವಳನ್ನ."

"ಬೀಗರ ಮನೆ ಸಿಹಿ ಬಂದು ಕೂತಿದೆ ಅಷ್ಟೇ. ಬಾಯ್ಮುಚ್ಚಿ ಮಲಕ್ಕೋ."

ಬಾಡಿದ ಮುಖಗಳು ಹೊಳಪಿನಕ್ಕನಿಗೆ ಹೊಸದಲ್ಲ. ಆದರೆ ಈ ಮುಖದ ಅಡಿಯಲ್ಲಿ ಒಂದು ಹಳದಿ ಇತ್ತು. ಹಬೆ ಕೊಟ್ಟರೂ ಹೋಗದ್ದು, ತಿಕ್ಕಿದರೂ ಹೋಗದ್ದು. ಕುತ್ತಿಗೆಯ ಮೇಲೆ ಕೆರೆದುಕೊಂಡ ಗೆರೆಗಳು. "ಯಾವುದೋ ಕ್ರೀಮು ಒಗ್ಗಿಲ್ಲ" ಎಂದಳು ತಂಗಿ. ಇದ್ದರೂ ಇರಬಹುದು ಎಂದುಕೊಂಡಳು ಅಕ್ಕ. ಹಳದಿಯನ್ನು ನೇರಳೆ ನುಂಗುತ್ತದೆ ಎಂಬುದು ಆ ಕಸುಬಿನ ಮೊದಲ ಪಾಠ. ತಿಳಿನೇರಳೆ ಕ್ರೀಮನ್ನು ಬೆರಳ ತುದಿಯಿಂದ ತಟ್ಟಿ ತಟ್ಟಿ ಕೂರಿಸಿ, ಅದರ ಮೇಲೆ ಮೈಬಣ್ಣ, ಕೆನ್ನೆಗೊಂದಿಷ್ಟು ಕೆಂಪು ಹಚ್ಚಿದಳು. ಎದ್ದು ನೋಡಿಕೊಂಡ ತಂಗಿ ಚಿಕ್ಕ ಹುಡುಗಿಯ ಹಾಗೆ ಅಕ್ಕನ ಸೊಂಟ ತಬ್ಬಿದಳು. ಆಮೇಲೆ ವಾರ ವಾರವೂ ಬಂದಳು. ಮನೆಯಲ್ಲಿ ಹಚ್ಚಿಕೊಳ್ಳಲು ಒಂದು ಡಬ್ಬಿಯನ್ನೂ ಒಯ್ದಳು. ಪ್ರತಿ ಸಲವೂ ನೇರಳೆ ಸ್ವಲ್ಪ ಹೆಚ್ಚೇ ಬೇಕಾಗುತ್ತಿತ್ತು.

ತಂಗಿಯ ಗಂಡ ಬಸ್ ಡ್ರೈವರು. ಒಂದು ದಿನ ಹೆಂಡತಿಯನ್ನು ಕರೆದೊಯ್ಯಲು ಬಂದವನು ಬಾಗಿಲಲ್ಲೇ ನಿಂತು ಕೈಮುಗಿದ.

"ಅತ್ತಿಗೆ, ನಿಮ್ಮ ಕೈಗುಣ ದೊಡ್ಡದು. ಊಟ ಬಿಟ್ಟು ಸೊರಗ್ತಾ ಇದ್ಲು, ಆಸ್ಪತ್ರೆಗೆ ತೋರಿಸೋಣ ಅಂತಿದ್ದೆ. ಈಗ ನೋಡಿ, ಮದುವೆ ಹುಡುಗಿಗಿಂತ ಕಳೆಯಾಗಿದ್ದಾಳೆ. ನಿಶ್ಚಿಂತೆ ಆಯ್ತು."

ಊಟ ಬಿಟ್ಟ ಸಂಗತಿ ಹೊಳಪಿನಕ್ಕನಿಗೆ ಗೊತ್ತೇ ಇರಲಿಲ್ಲ. ನಗುತ್ತಿದ್ದ ತಂಗಿಯನ್ನು ಕಿಟಕಿಯ ಕಡೆ ತಿರುಗಿಸಿ ಕಣ್ಣು ನೋಡಿದಳು. ಬಿಳಿ ಇರಬೇಕಾದಲ್ಲಿ ಬಿಳಿ ಇರಲಿಲ್ಲ. ಇಷ್ಟು ದಿನ ಆ ಕಣ್ಣುಗಳ ಮೇಲೆ ಒದ್ದೆ ಹತ್ತಿ ಇಟ್ಟೇ ಕೆಲಸ ಮಾಡಿದ್ದಳು.

ಅದೇ ಹತ್ತಿಯನ್ನು ಎಣ್ಣೆಯಲ್ಲಿ ಅದ್ದಿದಳು.

"ಅಕ್ಕಾ, ಈಗಷ್ಟೇ ಹಚ್ಚಿದ್ದಲ್ವೇನೇ? ಬೇಡ. ಅವರೆದುರಿಗೆ ಬೇಡ ಕಣೇ."

ಅಕ್ಕ ಗದ್ದ ಹಿಡಿದು ಒರೆಸಿದಳು. ಒಂದು ಕೆನ್ನೆಯ ಹಳದಿ ಆಚೆ ಬರುವಷ್ಟರಲ್ಲಿ ಡ್ರೈವರು ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದ.

ಹೊಟ್ಟೆಯೊಳಗಿನ ಗಂಟು ಪಿತ್ತದ ದಾರಿಯನ್ನು ಮುಚ್ಚಿದೆ, ಬೇರೆ ಕಡೆಗೂ ಹಬ್ಬಿದೆ, ಕೊಯ್ದು ತೆಗೆಯುವ ಹಂತ ದಾಟಿದೆ ಎಂದರು ಡಾಕ್ಟರು.

"ಮೊದಲೇ ಬಂದಿದ್ರೆ?" ಎಂದಳು ಹೊಳಪಿನಕ್ಕ.

ಅವರು ಸ್ವಲ್ಪ ಹೊತ್ತು ಪೆನ್ನಿನ ಕ್ಯಾಪು ತಿರುಗಿಸಿದರು. "ಈಗ ಅದನ್ನ ಹೇಗೆ ಹೇಳೋದು" ಎಂದರು.

ಡ್ರೈವರು ಅತ್ತಿಗೆಯನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಒಂಚೂರು ಉಸಿರಾಡಲಾಗುತ್ತಿತ್ತೋ ಏನೋ. ವಾರ್ಡಿಗೆ ಬಂದವರ ಮುಂದೆಲ್ಲ ಅವನದು ಒಂದೇ ಮಾತು: "ಹೋದ ವಾರ ನೋಡಬೇಕಿತ್ತು ನೀವು, ಎಷ್ಟು ಚೆನ್ನಾಗಿದ್ಲು."

ಅವನು ಔಷಧಿ ತರಲು ಹೋದಾಗ ಹೊಳಪಿನಕ್ಕ ಕೇಳಿದಳು, "ನಿನಗೆ ಗೊತ್ತಿತ್ತೇನೇ?"

"ಏನೋ ಕೆಟ್ಟಿದೆ ಅಂತ ಗೊತ್ತಿತ್ತು. ಡಾಕ್ಟ್ರ ಹತ್ರ ಹೋದ್ರೆ ಹೆದರಿಸ್ತಾರೆ. ನಿನ್ ಹತ್ರ ಬಂದ್ರೆ ಚೆಂದ ಮಾಡಿ ಕಳಿಸ್ತೀಯ ಅಂತ ಬಂದೆ." ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡಳು. "ಇರೋವಷ್ಟು ದಿನ ಹಾಗೇ ಇದ್ದುಬಿಡ್ತಿದ್ದೆ. ನೀನು ಒರೆಸಿಬಿಟ್ಟೆ."

ಗೋಡೆಯ ಕಡೆ ಹೊರಳಿದಳು.

ಆ ಮಧ್ಯಾಹ್ನ ಮಂಪರಿನಲ್ಲೇ ತಂಗಿ ತೋಳು ಪರಚಿಕೊಳ್ಳತೊಡಗಿದಳು. ನವೆ ಒಳಗಿನದು, ಹಚ್ಚುವ ಯಾವುದಕ್ಕೂ ಬಗ್ಗುವುದಿಲ್ಲ. ಚರ್ಮ ಸುಲಿದು ರಕ್ತ ಜಿನುಗಿತು. ಹೊಳಪಿನಕ್ಕ ಚೀಲದಿಂದ ಉಗುರು ಉಜ್ಜುವ ಅರ ತೆಗೆದು, ತಂಗಿಯ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಉಗುರನ್ನು ಮೊಂಡಾಗುವವರೆಗೆ ಸದ್ದಿಲ್ಲದೆ ಉಜ್ಜಿದಳು. ತಂಗಿ ಕೈ ಬಿಡಿಸಿಕೊಳ್ಳದ್ದರಿಂದ ಇನ್ನೂ ಮಂಪರಿನಲ್ಲೇ ಇದ್ದಾಳೆ ಎಂದುಕೊಂಡಳು.

"ಆ ಕೈ ಕೊಡೇ" ಎಂದಳು ಮೆಲ್ಲಗೆ.

ತಂಗಿಗೆ ಎಚ್ಚರವಿತ್ತು. ಉಜ್ಜದೆ ಉಳಿದ ಆ ಇನ್ನೊಂದು ಕೈಯನ್ನು ಗೋಡೆಗೂ ತನ್ನ ಮೈಗೂ ನಡುವೆ ಇನ್ನಷ್ಟು ಒಳಕ್ಕೆ ಎಳೆದುಕೊಂಡಳು.