ನೀರು ಹೊರುವ ಬುಟ್ಟಿ

ನಾನು ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಪುಣೆಗೆ ಬಂದದ್ದು ತೊಂಬತ್ತರ ದಶಕದ ನಡುವೆ. ಮನೆಯಲ್ಲಿ ನಾವು ಮೂವರು: ಭೋಸರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಗಂಡ, ಅವರ ತಾಯಿ, ನಾನು. ಮನೆಯ ಹಿಂದೆಯೇ ಒಂದು ಗುಡ್ಡ. ಪುಣೆಯವರು ಅದಕ್ಕೆ ಟೇಕಡಿ ಅನ್ನುತ್ತಾರೆ. ಬೆಳಿಗ್ಗೆ ಅರ್ಧ ಬಡಾವಣೆ ಆರೋಗ್ಯಕ್ಕೆಂದು ಅದನ್ನು ಹತ್ತುತ್ತಿತ್ತು. ನಮ್ಮ ಅತ್ತೆ ಹತ್ತುತ್ತಿದ್ದುದು ಗಿಡಗಳಿಗಾಗಿ. ಅವರು ಯಾರನ್ನೂ ಕೇಳದೆ ಗುಡ್ಡದ ಮೇಲೆ ಹನ್ನೊಂದು ಸಸಿ ನೆಟ್ಟಿದ್ದರು. ಹೆಚ್ಚಿನವು ಬೇವು, ಹೊಂಗೆ. ಮಳೆಗಾಲ ಮುಗಿದರೆ ಅವಕ್ಕೆ ನೀರು ಕೊಡುವವರು ಬೇರೆ ಇರಲಿಲ್ಲ. ಕೈಗೊಂದರಂತೆ ಐದು ಲೀಟರಿನ ಎರಡು ಕ್ಯಾನು ಹಿಡಿದು ದಿನಾ ಹತ್ತುತ್ತಿದ್ದರು.

ವಯಸ್ಸು ಅರವತ್ತಾಗುವ ಹೊತ್ತಿಗೆ ಅವರ ಬಲಭುಜ ಹಿಡಿದುಕೊಂಡಿತು. ಕೈಯಲ್ಲಿ ಇನ್ನು ಭಾರ ಎತ್ತಬಾರದು ಎಂದರು ಡಾಕ್ಟರು. ಅತ್ತೆ ಒಪ್ಪಿ ಮನೆಗೆ ಬಂದರು. ಡಾಕ್ಟರು ಕೈಯ ಬಗ್ಗೆ ಮಾತ್ರ ಹೇಳಿದ್ದಾರೆ, ಬೆನ್ನಿನ ವಿಷಯ ಎತ್ತಲಿಲ್ಲ ಎಂದು ನನಗೆ ತಿಳಿಸಿದರು.

ಪಕ್ಕದ ಕಟ್ಟಡಕ್ಕೆ ನೇಪಾಳದ ಕಾವಲುಗಾರನೊಬ್ಬನಿದ್ದ, ನಡುವಯಸ್ಸಿನವನು. ಸ್ನಾನದ ನೀರು ಕಾಯಿಸಲು ಪುರಲೆ ತರುವಾಗ ಒಂದು ಬಿದಿರು ಬುಟ್ಟಿಯನ್ನು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಅದರ ಪಟ್ಟಿ ಹಣೆಗೆ ಬರುತ್ತಿತ್ತು, ಭುಜಕ್ಕೆ ಕೆಲಸವೇ ಇರಲಿಲ್ಲ. ಅತ್ತೆ ಎರಡು ದಿನ ಅವನನ್ನು ಗಮನಿಸಿದರು. ಮೂರನೆಯ ದಿನ ಹೋಗಿ ಮಾತಾಡಿಸಿದರು. ಅತ್ತೆಗೆ ಕನ್ನಡ, ಮರಾಠಿ ಬಿಟ್ಟು ಬೇರೆ ಬರದು. ಅವನಿಗೆ ಬರುತ್ತಿದ್ದುದು ನೇಪಾಳಿ, ಹಿಂದಿ. ಗೇಟಿನ ಹತ್ತಿರ ಒಂದು ತಾಸು ಮಾತಾಡಿದರು. ಅವನು ಇಟ್ಟಿಗೆ ಚೂರಿನಿಂದ ನೆಲದ ಮೇಲೆ ಬುಟ್ಟಿ ಬರೆದು ತೋರಿಸಿದ. ನಾನು ಸದಾಶಿವ ಪೇಠದ ಒಂದು ಕೋಚಿಂಗ್ ಕ್ಲಾಸಿನ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದೆ. ಅಲ್ಲಿಂದ ತಂದ ಹಳೇ ಪ್ರಶ್ನೆಪತ್ರಿಕೆಯ ಹಿಂಬದಿಗೆ ಆ ಚಿತ್ರವನ್ನು ಇಳಿಸಿಕೊಟ್ಟೆ.

ಕಾಗದ ಹಿಡಿದು ಇಬ್ಬರೂ ಪೇಠೆಯ ಬುಟ್ಟಿ ಹೆಣೆಯುವವರ ಓಣಿಗೆ ಹೋದೆವು. ಒಬ್ಬ ಹೆಂಗಸು ಬಾಗಿಲಲ್ಲೇ ಕೂತು ಬಿದಿರು ಸೀಳುತ್ತಿದ್ದಳು. ಚಿತ್ರ ನೋಡಿ ಇದು ಯಾತಕ್ಕೆ ಎಂದು ಮರಾಠಿಯಲ್ಲಿ ಕೇಳಿದಳು. ನೀರು ತರಲಿಕ್ಕೆ ಎಂದರು ಅತ್ತೆ. ಅವಳು ಅತ್ತೆಯ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬುಟ್ಟಿಯಲ್ಲಿ ನೀರು ನಿಲ್ಲುವುದಿಲ್ಲ ಎಂದಳು. ಅದು ನನಗೂ ಗೊತ್ತು ಎಂದರು ಅತ್ತೆ. ಕ್ಯಾನಿನ ವಿಷಯ ಕಡೆಗೆ ನಾನೇ ಹೇಳಬೇಕಾಯಿತು.

ಒಂದು ವಾರಕ್ಕೆ ಬುಟ್ಟಿ ಸಿದ್ಧವಾಯಿತು. ಬಾಯಿ ಅಗಲ, ತಳ ಕಿರಿದು, ಬೆನ್ನಿಗೆ ತಾಗುವ ಕಡೆ ಚಪ್ಪಟೆ. ಹೆಂಗಸು ಬುಟ್ಟಿ ಕೊಡುವ ಮೊದಲು ಹೇಳಬೇಕಾದ್ದನ್ನೆಲ್ಲ ಹೇಳಿದಳು. ಒದ್ದೆಯಾದರೆ ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಇಡಲೇಬಾರದು. ತಿಂಗಳಿಗೊಮ್ಮೆ ಬೇವಿನ ಸೊಪ್ಪಿನ ಹೊಗೆ ಹಾಕಬೇಕು, ಇಲ್ಲದಿದ್ದರೆ ಹುಳ ಹಿಡಿದು ಹಿಟ್ಟು ಉದುರುತ್ತದೆ. ಹಳೇ ಮಂಚದ ನವಾರು ಬಿಚ್ಚಿ ಅತ್ತೆ ಹಣೆಪಟ್ಟಿ ಹೊಲಿದುಕೊಂಡರು.

ಮೊದಲ ದಿನ ಕ್ಯಾನುಗಳು ತಳದಲ್ಲಿ ಒಂದಕ್ಕೊಂದು ಬಡಿದು ಒಂದರ ಮುಚ್ಚಳ ಸಡಿಲಾಯಿತು. ಐದು ಲೀಟರ್ ನೀರು ಅತ್ತೆಯ ಬೆನ್ನ ಮೇಲೆ ಹರಿಯಿತು. ಚಳಿಗಾಲ ಬೇರೆ. ಮನೆಗೆ ಬಂದು ಸೀರೆ ಬದಲಿಸಿ ಚಹಾ ಕುಡಿದರು. ಭಾರ ತಳದಲ್ಲಿರಬಾರದು, ಹೆಗಲ ಮಟ್ಟಕ್ಕೆ ಇರಬೇಕು ಎಂದಷ್ಟೇ ಹೇಳಿದರು. ಮರುದಿನ ತಳಕ್ಕೆ ಹರಕು ಕೌದಿ ತುರುಕಿ, ಅದರ ಮೇಲೆ ಕ್ಯಾನು ಕೂರಿಸಿದರು. ಆಮೇಲೆ ತೊಂದರೆ ಆಗಲಿಲ್ಲ.

ಗುಡ್ಡದ ಮೇಲೆ ನಿವೃತ್ತರ ಒಂದು ಗುಂಪು ಬಿಳಿ ಕ್ಯಾನ್ವಾಸ್ ಬೂಟು ಹಾಕಿಕೊಂಡು ತಿರುಗಾಡುತ್ತಿತ್ತು. ಅವರಲ್ಲೊಬ್ಬರು ಅತ್ತೆಯನ್ನು ನಿಲ್ಲಿಸಿ, ಈಗ ಒಳ್ಳೊಳ್ಳೆಯ ಬೆನ್ನುಚೀಲ ಸಿಗುತ್ತವೆ ಎಂದು ತಿಳಿಹೇಳಿದರು. ಅದು ಹರಿದರೆ ಮತ್ತೆ ಹೆಣೆದು ಕೊಡುತ್ತಾರೇನು ಎಂದು ಅತ್ತೆ ಕೇಳಿದರು. ಇಲ್ಲ, ಹೊಸದು ತರಬೇಕು ಎಂದರು ಅವರು. ಅತ್ತೆ ಕನಿಕರದಿಂದ ತಲೆಯಾಡಿಸಿ ಮುಂದೆ ನಡೆದರು.

ಹೊಗೆ ಹಾಕುವುದು ಮಾತ್ರ ಕಷ್ಟವಾಯಿತು. ಮೊದಲ ತಿಂಗಳು ಬಾಲ್ಕನಿಯಲ್ಲಿ ಹಾಕಿದೆವು. ಮೇಲಿನ ಮನೆಯವರು ಬೆಂಕಿ ಬಿದ್ದಿದೆಯೆಂದು ಚಪ್ಪಲಿ ಇಲ್ಲದೆ ಕೆಳಗೆ ಓಡಿ ಬಂದರು. ಸೊಸೈಟಿಯ ಸೆಕ್ರೆಟರಿ ಬಂದು ವಿಚಾರಿಸಿದರು. ಎರಡು ದಿನದ ನಂತರ, ಬುಟ್ಟಿಯೂ ಸೇರಿದಂತೆ ಯಾವ ಕಾರಣಕ್ಕೂ ಬಾಲ್ಕನಿಯಲ್ಲಿ ಹೊಗೆ ಮಾಡಬಾರದೆಂಬ ನೋಟೀಸು ಫಲಕದ ಮೇಲೆ ಬಂತು. ಅಂದಿನಿಂದ ಕಾವಲುಗಾರನ ಒಲೆಯ ಮುಂದೆ ಅವನ ಬುಟ್ಟಿ, ನಮ್ಮ ಬುಟ್ಟಿ ಜೊತೆಯಾಗಿ ಹೊಗೆ ತಗೊಳ್ಳುತ್ತಿದ್ದವು.

ಎರಡನೆಯ ವರ್ಷ ಬೇಸಿಗೆಯ ಮೊದಲಿಗೆ ವಿಜಾಪುರದಲ್ಲಿದ್ದ ಅತ್ತೆಯ ಅಕ್ಕನಿಗೆ ಆರೋಗ್ಯ ತಪ್ಪಿತು. ಅತ್ತೆ ಎರಡು ತಿಂಗಳಿಗೆಂದು ಹೊರಟರು. ಹೋಗುವಾಗ ಗಿಡಗಳನ್ನು ನನಗೆ ಒಪ್ಪಿಸಿದರು. ಮಗನಿಗೆ ಒಪ್ಪಿಸುವ ಯೋಚನೆ ಅವರಿಗೆ ಬಂದಂತೆ ಕಾಣಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು. ಮೊದಲ ವಾರವೇ ನಮ್ಮ ಕ್ಲಾಸಿನ ನಾಲ್ವರು ಹುಡುಗಿಯರು ಎದುರು ಬಂದು, ನನ್ನ ಹಣೆಯ ಪಟ್ಟಿ ನೋಡಿ, ಬಹಳ ವಿನಯದಿಂದ ನಮಸ್ಕಾರ ಮಾಡಿದರು. ನಕ್ಕಿದ್ದರೆ ಚೆನ್ನಾಗಿತ್ತು. ಕುತ್ತಿಗೆ ಹದಿನೈದು ದಿನ ನೋಯಿತು. ಆಮೇಲೆ ರೂಢಿಯಾಯಿತು.

ಒಂದು ಸಂಜೆ ಅಕಾಲದ ಮಳೆಗೆ ಬುಟ್ಟಿ ತೊಯ್ದು ತೊಪ್ಪೆಯಾಯಿತು. ಮರುದಿನ ಬೇಗ ಒಣಗಲಿ ಎಂದು ಕಟ್ಟಡದ ಮೇಲಿನ ಗಚ್ಚಿಯಲ್ಲಿ ಬಿಸಿಲಿಗಿಟ್ಟು ಆಫೀಸಿಗೆ ಹೋದೆ. ಬಂದು ನೋಡಿದರೆ ಎರಡು ದಬ್ಬೆ ಸೀಳಿ, ಬಾಯಿಯ ಕಟ್ಟು ಬಿಚ್ಚಿತ್ತು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಮದುವೆಯಾಗಿ ಮೂರು ವರ್ಷವಾಗಿತ್ತು, ಅತ್ತೆ ಒಂದು ದಿನವೂ ನನ್ನ ಮೇಲೆ ರೇಗಿದವರಲ್ಲ. ಹಾಗೆಂದು ಹತ್ತಿರ ಕೂರಿಸಿಕೊಂಡವರೂ ಅಲ್ಲ.

ಮರುದಿನ ಊಟದ ಬಿಡುವಿನಲ್ಲಿ ಬುಟ್ಟಿ ಎತ್ತಿಕೊಂಡು ಆ ಓಣಿಗೆ ಹೋದೆ. ಹೆಂಗಸು ಒಮ್ಮೆ ನೋಡಿ, ಬಿಸಿಲಿಗೆ ಇಟ್ಟಿದ್ದೀಯ ಎಂದಳು. ಅದು ಪ್ರಶ್ನೆಯಾಗಿರಲಿಲ್ಲ. ಬಾಯಿಕಟ್ಟನ್ನೂ ಒಂದು ದಬ್ಬೆಯನ್ನೂ ತಾನೇ ಸರಿಮಾಡಿದಳು. ಇನ್ನೊಂದು ದಬ್ಬೆಯನ್ನು ನೀರಲ್ಲಿ ಅದ್ದಿ ನನ್ನ ಕೈಗೆ ಕೊಟ್ಟಳು. ಕೆಡಿಸಿದವರು ಕಲಿಯಬೇಕು ಎಂದಳು. ಅದೊಂದನ್ನು ಹೆಣೆಯುವಷ್ಟರಲ್ಲಿ ನನ್ನ ಮೂರು ಬೆರಳು ಕುಯ್ದುಹೋದವು. ಆಫೀಸಿಗೆ ತಡವಾಗಿ ಹೋದದ್ದಕ್ಕೆ ಹೊಟ್ಟೆನೋವು ಎಂದು ಹೇಳಿದೆ. ಬೆರಳಿಗೆ ಕಟ್ಟಿದ ಬಟ್ಟೆಯನ್ನು ಎಲ್ಲರೂ ನೋಡಿದರು.

ಅತ್ತೆ ವಾಪಸು ಬಂದವರು ಕೈಕಾಲು ತೊಳೆದು ಮೊದಲು ಬುಟ್ಟಿ ನೋಡಿದರು. ಅದನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದ ಅವರ ಹೆಬ್ಬೆರಳು ಒಂದು ಕಡೆ ನಿಂತಿತು.

"ಬಿಸಿಲಾಗ ಇಟ್ಟಿದ್ದಿ."

"ಹೌದ್ರಿ ಅತ್ತಿ."

"ಇದು ಆಕೀ ಕೈಯಿಂದಲ್ಲ."

"ಅಲ್ರಿ. ನಾ ಹೆಣದದ್ದು."

ಅತ್ತೆ ಅದನ್ನು ಎರಡು ಸಲ ಒತ್ತಿ ನೋಡಿದರು. ಚೆಂದ ಬಂದಿದೆ ಎನ್ನಲಿಲ್ಲ, ಬಂದಿರಲೂ ಇಲ್ಲ.

"ನಾಳೆ ನೀನೂ ಬಾ," ಎಂದರು. "ಒಬ್ಬಾಕಿಗೆ ಹೋಗಿ ಬರೂದು ಭಾಳ ಬ್ಯಾಸರಾಗ್ತದ."

ನಾನು ಒಳಗೆ ಹೋಗಿ, ಏನೂ ಕೆಲಸವಿಲ್ಲದಿದ್ದರೂ, ಸ್ವಲ್ಪ ಹೊತ್ತು ಅಡುಗೆಮನೆಯಲ್ಲಿ ನಿಂತೆ.

ಮುಂದಿನ ತಿಂಗಳು ನನಗೂ ಒಂದು ಬುಟ್ಟಿ ಬಂತು. ಏಳೆಂಟು ವರ್ಷ ನಾವಿಬ್ಬರೂ ಹತ್ತಿದೆವು. ಹತ್ತುವಾಗ ಉಸಿರು ಸಾಲುತ್ತಿರಲಿಲ್ಲ, ಮಾತೆಲ್ಲ ಇಳಿಯುವಾಗ. ಅವರ ಮದುವೆಯ ಕತೆ, ಮಾವನವರ ಸಿಟ್ಟು, ಸತ್ತ ಮೊದಲ ಮಗು, ಎಲ್ಲವನ್ನೂ ನಾನು ತಿಳಿದದ್ದು ಇಳಿಜಾರಿನಲ್ಲಿ. ಹನ್ನೊಂದರಲ್ಲಿ ಆರು ಗಿಡ ಉಳಿದವು. ಎರಡು ಸಾವಿರದ ಇಸವಿ ದಾಟಿದ ಮೇಲೆ ಗುಡ್ಡಕ್ಕೆ ಪೈಪು, ನೀರಿನ ಟಾಕಿ ಬಂದವು. ಆ ಹೊತ್ತಿಗೆ ನಮ್ಮ ಗಿಡಗಳಿಗೆ ಯಾರ ನೀರೂ ಬೇಕಾಗಿರಲಿಲ್ಲ. ಅತ್ತೆ ಬೇರೆ ಸಸಿ ನೆಟ್ಟರು, ಟಾಕಿಯಿಂದ ಸಾಕಷ್ಟು ದೂರದಲ್ಲಿ.

ಕಡೆಗೆ ಅವರ ಮೊಣಕಾಲು ಕೈಕೊಟ್ಟಿತು. ಕೊನೆಯ ಸಲ ಹತ್ತಿದ ದಿನ ನೀರೆಲ್ಲ ನನ್ನ ಬುಟ್ಟಿಯಲ್ಲಿತ್ತು. ಅವರು ಖಾಲಿ ಬುಟ್ಟಿ ಹಾಕಿಕೊಂಡು ಹೊರಟರು. ಯಾಕೆ ಎಂದು ಕೇಳಿದ್ದಕ್ಕೆ, ಬೆನ್ನಿಗೆ ಏನೂ ಇಲ್ಲದಿದ್ದರೆ ಗುಡ್ಡ ಹತ್ತಿದಂತೆ ಅನ್ನಿಸುವುದಿಲ್ಲ ಎಂದರು. ಇಳಿಯುವಾಗ ಜನ ಎಸೆದಿದ್ದ ಪ್ಲಾಸ್ಟಿಕ್ ಬಾಟಲಿಗಳನ್ನು ಹೆಕ್ಕಿ ಅದಕ್ಕೆ ತುಂಬಿದರು. ಅವಕ್ಕೆ ತೂಕವೇನೂ ಇರಲಿಲ್ಲ. ಆದರೂ ಅತ್ತೆ ಹಣೆಯ ಪಟ್ಟಿ ಸರಿಮಾಡಿಕೊಂಡು, ಮುಂದಕ್ಕೆ ಬಾಗಿ, ಒಂದೊಂದೇ ಹೆಜ್ಜೆ ನೋಡಿ ಇಟ್ಟರು.