ಹಸಿವಿನ ಹೊಗಳಿಕೆ

ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ನಾವು ಆರು ಮಂದಿ ದಿನಾ ಉಣ್ಣುತ್ತಿದ್ದುದು ಕ್ವಾರ್ಟರ್ಸ್ ಹಿಂದಿನ ಖಾನಾವಳಿಯಲ್ಲಿ. ನಾವೆಲ್ಲ ಯವ್ವ ಎಂದು ಕರೆಯುತ್ತಿದ್ದ ಅದರ ಒಡತಿಗೆ ಹೊಗಳಿಕೆ ಎಂದರೆ ಆಗುತ್ತಿರಲಿಲ್ಲ. ಮೊದಲ ತುತ್ತಿಗೇ ನಾವು "ಭಾಳ ಛಲೋ ಆಗ್ಯಾದ" ಎಂದರೆ, ಸೆರಗಿನಿಂದ ನೊಣ ಓಡಿಸಿದಂತೆ ಆ ಮಾತನ್ನೂ ಓಡಿಸಿ, "ನೀವಲ್ಲೋ ಯಪ್ಪಾ, ನಿಮ್ಮ ಹಸಿವಿ ಮಾತಾಡ್ಲಿಕತ್ತದ" ಎನ್ನುತ್ತಿದ್ದಳು.

ಒಂದು ದಿನ ಪುಂಡಿಪಲ್ಯವನ್ನು ಬೆರಳು ನೆಕ್ಕಿ ಖಾಲಿ ಮಾಡಿದೆವು. ಆಗಲೇ ಮಜ್ಜಿಗೆ ರೊಟ್ಟಿ ಉಂಡು ಹೊಟ್ಟೆ ತುಂಬಿದ್ದ ಯವ್ವ, ಪಾತ್ರೆಯ ತಳ ಕೆರೆದು ನಾಲಿಗೆಗೆ ಇಟ್ಟುಕೊಂಡವಳೇ ಕೂಗಿದಳು: "ಉಪ್ಪೇ ಹಾಕಿಲ್ಲಲ್ರೋ! ಒಬ್ಬರಾದ್ರೂ ಹೇಳಬಾರದೇನು? ಖಾಲಿ ಹೊಟ್ಟಿ ತಲಿ ಕೆಡಸ್ತದ ನೋಡ್ರಿ!"

ಮರುದಿನ ತಾಟು ಹಾಕುವ ಮೊದಲು ಎಲ್ಲರ ಮುಂದೆ ಹುರಿದ ಶೇಂಗಾ, ಬೆಲ್ಲ ಇಟ್ಟಳು. ಅದನ್ನು ತಿಂದು, ನೀರು ಕುಡಿದು, ನಮ್ಮ ಹೊಟ್ಟೆ ಸ್ವಲ್ಪ ಸುಮ್ಮನಾದ ಮೇಲಷ್ಟೇ ರೊಟ್ಟಿ, ಪಲ್ಯ ಬಡಿಸಿ ನಮ್ಮ ಮುಖಗಳನ್ನೇ ನೋಡುತ್ತ ಕೂತಳು.

ನಾನು ಅಳುಕುತ್ತಲೇ ಹೇಳಿದೆ: "ಯವ್ವಾ, ಇವತ್ತ ಉಪ್ಪು ಜರಾ ಜಾಸ್ತಿ ಆಗ್ಯಾದ."

ಅವಳ ಮುಖ ಅರಳಿತು. "ಹಾಂ! ಮೂರು ವರ್ಷಕ್ಕ ಇವತ್ತ ನನ್ನ ಅಡಿಗಿ ಉಂಡಿ ನೋಡು" ಎಂದು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.